ಪುಟ್ಟ ಮಗುವಿಗೆ ಅನಸ್ತೇಶಿಯಾ ಕೊಟ್ಟರೆ ಮುಂದೆ ಬುದ್ಧಿಗೆ ತೊಂದರೆಯಾಗುತ್ತದಾ?

(ಚಿಕ್ಕ ಮಕ್ಕಳ ತಂದೆತಾಯಿಗಳಿಗಾಗಿ ನಡೆದ ಆರೋಗ್ಯ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳಿಗೆ ಅನಸ್ತೇಶಿಯಾ, ಅಂದರೆ ಮತ್ತು ಬರುವ ಔಷಧಿ, ಕೊಡುವ ವೈದ್ಯೆ. ಆಪರೇಷನ್ ಮಾಡುವವರು ಸರ್ಜನ್. ಅಷ್ಟು ಹೊತ್ತು ಮಗುವಿನ ನಿದ್ದೆ, ಉಸಿರು, ನಾಡಿ ಎಲ್ಲ ನೋಡಿಕೊಳ್ಳುವವರು ನಾವು.

ಆಪರೇಷನ್‌ಗೆ ಮುಂಚೆ ಅಪ್ಪ ಅಮ್ಮ ನಮ್ಮ ಹತ್ತಿರ ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಎಷ್ಟು ಹೊತ್ತಾಗುತ್ತದೆ, ನೋವಾಗುತ್ತದಾ, ಹಾಲು ಯಾವಾಗ ಕುಡಿಸಬಹುದು. ಎಲ್ಲ ಮುಗಿದು ಎದ್ದು ಹೊರಟ ಮೇಲೆ ಒಬ್ಬರು ನಿಂತು ಕೇಳುತ್ತಾರೆ, "ಡಾಕ್ಟ್ರೇ, ಇಷ್ಟು ಚಿಕ್ಕ ವಯಸ್ಸಿಗೇ ಮತ್ತು ಬರೋ ಔಷಧಿ ಕೊಟ್ರೆ ಮುಂದೆ ಓದಿಗೆ ಏನೂ ತೊಂದ್ರೆ ಆಗಲ್ವಾ?"

ಒಳ್ಳೆಯ ಪ್ರಶ್ನೆ ಇದು. ವಿಜ್ಞಾನಿಗಳೂ ಕಾಲು ಶತಮಾನದಿಂದ ಇದನ್ನೇ ಕೇಳುತ್ತಿದ್ದಾರೆ. ಹಾಗಾಗಿ "ಏನೂ ಆಗಲ್ಲ, ಧೈರ್ಯವಾಗಿರಿ" ಎಂದು ಬೆನ್ನು ತಟ್ಟಿ ಕಳಿಸಿದರೆ ಸಾಲದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ ಮಗುವಿಗೆ ಒಂದು ಸಲ, ಒಂದು ಗಂಟೆಯ ಆಸುಪಾಸು ಕೊಟ್ಟ ಅನಸ್ತೇಶಿಯಾದಿಂದ ಬುದ್ಧಿಶಕ್ತಿ ಕುಗ್ಗುತ್ತದೆ ಎನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ಚೆನ್ನಾಗಿ ಹುಡುಕಿಯೂ ಸಿಕ್ಕಿಲ್ಲ. ಮೂರು ವರ್ಷದೊಳಗೆ ಹಲವು ಸಲ ಕೊಟ್ಟರೆ, ಅಥವಾ ಮೂರು ಗಂಟೆಗಿಂತ ಜಾಸ್ತಿ ಹೊತ್ತು ಕೊಟ್ಟರೆ? ಅಲ್ಲಿ ಉತ್ತರ ಇಷ್ಟು ನೇರವಾಗಿಲ್ಲ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಇನ್ನೊಂದು ಮಾತಿದೆ, ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿರುವುದು ಅದನ್ನೇ. ಎಲ್ಲರ ಭಯವೂ ಔಷಧಿಯ ಮೇಲಿದೆ. ಆದರೆ ಆ ಒಂದು ಗಂಟೆ ಮಗುವಿನ ತಲೆಯ ಹತ್ತಿರ ಯಾರು ನಿಂತಿದ್ದಾರೆ, ಹೇಗೆ ನೋಡಿಕೊಳ್ಳುತ್ತಿದ್ದಾರೆ ಎನ್ನುವುದು ಮಿದುಳಿಗೆ ಅದಕ್ಕಿಂತ ದೊಡ್ಡ ವಿಷಯ.

ಅನಸ್ತೇಶಿಯಾ ಇಲ್ಲದ ಕಾಲ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1980ರ ದಶಕದವರೆಗೂ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೇ ಹಸುಗೂಸುಗಳಿಗೆ, ಅದರಲ್ಲೂ ತಿಂಗಳು ತುಂಬದೆ ಹುಟ್ಟಿದವಕ್ಕೆ, ತೀರಾ ಕಡಿಮೆ ಅನಸ್ತೇಶಿಯಾ ಕೊಟ್ಟು ಆಪರೇಷನ್ ಮಾಡುತ್ತಿದ್ದರು. ಇಷ್ಟು ಚಿಕ್ಕ ಮಗುವಿನ ನರಗಳು ಇನ್ನೂ ಬೆಳೆದಿಲ್ಲ, ನೋವು ಗೊತ್ತಾಗುವುದಿಲ್ಲ ಎಂಬ ನಂಬಿಕೆ ಒಂದು ಕಡೆ. ಔಷಧಿಯನ್ನು ಮಗು ತಡೆದುಕೊಳ್ಳಲಾರದು ಎಂಬ ಹೆದರಿಕೆ ಇನ್ನೊಂದು ಕಡೆ. ಸ್ವಲ್ಪ ಲಾಫಿಂಗ್ ಗ್ಯಾಸ್, ಜೊತೆಗೆ ಮಾಂಸಖಂಡಗಳು ಅಲ್ಲಾಡದ ಹಾಗೆ ಮಾಡುವ ಕ್ಯುರಾರೆ. ಮಗು ಕದಲದೆ ಮಲಗಿರುತ್ತಿತ್ತು. ಅದಕ್ಕೆ ನೋವಾಗುತ್ತಿರಲಿಲ್ಲ ಎಂದೇನಲ್ಲ.

ಇದನ್ನು ಬದಲಿಸಿದವರಲ್ಲಿ ಮುಖ್ಯರು ನಮ್ಮ ದೇಶದಲ್ಲೇ ಓದಿದ ಒಬ್ಬ ವೈದ್ಯರು. ಕನ್ವಲ್‌ಜೀತ್ ಸಿಂಗ್ ಆನಂದ್. ಇಂದೋರ್‌ನಲ್ಲಿ ಎಂಬಿಬಿಎಸ್ ಮಾಡಿ ರೋಡ್ಸ್ ಎಂಬ ಹೆಸರಾಂತ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋದವರು. ಆಪರೇಷನ್ ಥಿಯೇಟರಿನಿಂದ ವಾಪಸ್ ಬರುವ ಶಿಶುಗಳು ಯಾಕೆ ಇಷ್ಟು ಕೆಟ್ಟ ಸ್ಥಿತಿಯಲ್ಲಿರುತ್ತವೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ ಕೆಲವಕ್ಕೆ ಹಳೆಯ ಪದ್ಧತಿಯ ಜೊತೆಗೆ ಫೆಂಟನಿಲ್ ಎಂಬ ಬಲವಾದ ನೋವಿನ ಔಷಧಿಯನ್ನೂ ಕೊಟ್ಟು, ಎರಡೂ ಗುಂಪಿನ ರಕ್ತ ಪರೀಕ್ಷೆ ಮಾಡಿದರು. ಫೆಂಟನಿಲ್ ಸಿಗದ ಶಿಶುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಜಾಸ್ತಿ ಏರಿದ್ದವು. ಆಪರೇಷನ್ ನಂತರದ ತೊಂದರೆಗಳೂ ಅವುಗಳಲ್ಲೇ ಜಾಸ್ತಿ. 1987ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ನವಜಾತ ಶಿಶುಗಳಿಗೆ ಅನಸ್ತೇಶಿಯಾ ತಪ್ಪಿಸುವುದು ಸರಿಯಲ್ಲ ಎಂದು ಹೇಳಿತು.

ನೋವಿನ ಗುರುತು ಎಷ್ಟು ದಿನ ಉಳಿಯುತ್ತದೆ ಎನ್ನುವುದಕ್ಕೆ ಟೊರಾಂಟೊದಿಂದ 1997ರಲ್ಲಿ ಬಂದ ಒಂದು ಅಧ್ಯಯನವಿದೆ. ಹುಟ್ಟಿದಾಗ ಮರಗಟ್ಟಿಸದೆ ಸುನ್ನತಿ ಮಾಡಿದ ಗಂಡು ಮಕ್ಕಳು, ನಾಲ್ಕಾರು ತಿಂಗಳ ನಂತರ ಲಸಿಕೆಯ ಸೂಜಿ ಚುಚ್ಚಿದಾಗ ಉಳಿದ ಮಕ್ಕಳಿಗಿಂತ ಹೆಚ್ಚು ನರಳಿದವು. ಅಂದರೆ ಅನಸ್ತೇಶಿಯಾ ಕೊಟ್ಟರೆ ಮಿದುಳಿಗೆ ಏನಾಗುತ್ತದೆ ಎಂದು ಕೇಳುವಾಗ, ಕೊಡದಿದ್ದರೆ ಏನಾಗುತ್ತದೆ ಎಂದೂ ಕೇಳಬೇಕು. ಈ ಎರಡನೆಯ ಪ್ರಶ್ನೆಯನ್ನು ನಾವು ಬೇಗ ಮರೆಯುತ್ತೇವೆ.

ಇಲಿ ಮರಿಗಳಿಂದ ಶುರುವಾದ ಭಯ

ಈಗಿನ ಆತಂಕ ಶುರುವಾಗಿದ್ದು ಅಮೆರಿಕದ ಸೇಂಟ್ ಲೂಯಿಸ್‌ನಿಂದ. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಓಲ್ನಿ ಮತ್ತು ಜೊತೆಗಾರರು 1999ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಕೆಟಮಿನ್ ಥರದ ಮತ್ತು ಬರಿಸುವ ಔಷಧಿಗಳು, ಮಿದುಳಿನ ನರಕೋಶಗಳು ಸಂದೇಶ ಹಿಡಿಯಲು ಬಳಸುವ ಎನ್‌ಎಂಡಿಎ ಎಂಬ ಗ್ರಾಹಕವನ್ನು (ರಿಸೆಪ್ಟರ್) ತಡೆಯುತ್ತವೆ. ಹಾಗೆ ತಡೆದಾಗ ಎಳೆಯ ಇಲಿ ಮರಿಗಳ ಮಿದುಳಿನಲ್ಲಿ ನರಕೋಶಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. 2003ರಲ್ಲಿ ವೆಸ್ನಾ ಯೆವ್ಟೊವಿಚ್-ಟೊಡೊರೊವಿಚ್ ಮತ್ತು ತಂಡದವರು ನಾವು ಥಿಯೇಟರಿನಲ್ಲಿ ದಿನಾ ಬಳಸುವ ಔಷಧಿಗಳನ್ನೇ ತೆಗೆದುಕೊಂಡರು. ಮಿಡಜೋಲಮ್, ನೈಟ್ರಸ್ ಆಕ್ಸೈಡ್ (ಅದೇ ಲಾಫಿಂಗ್ ಗ್ಯಾಸ್), ಐಸೊಫ್ಲೂರೇನ್. 7 ದಿನದ ಇಲಿ ಮರಿಗಳಿಗೆ ಈ ಮೂರನ್ನೂ ಸೇರಿಸಿ 6 ಗಂಟೆ ಕೊಟ್ಟರು. ನರಕೋಶಗಳು ಸತ್ತವು. ಮರಿಗಳು ದೊಡ್ಡವಾದ ಮೇಲೆ ನೀರಿನ ತೊಟ್ಟಿಯಲ್ಲಿ ಈಜಿ, ಮುಳುಗಿಸಿಟ್ಟ ಹಲಗೆ ಎಲ್ಲಿದೆ ಎಂದು ನೆನಪಿಟ್ಟು ಹುಡುಕುವ ಪರೀಕ್ಷೆ ಮಾಡಿದರು. ಔಷಧಿ ಪಡೆದ ಇಲಿಗಳು ಹಿಂದೆ ಬಿದ್ದವು.

ಹೀಗೆ ಯಾಕಾಗುತ್ತದೆ? ಎಳೆಯ ಮಿದುಳು ಬೇಕಾದದ್ದಕ್ಕಿಂತ ಜಾಸ್ತಿ ನರಕೋಶಗಳನ್ನು ಹುಟ್ಟಿಸುತ್ತದೆ. ಒತ್ತಾಗಿ ಬಿತ್ತಿದ ರಾಗಿ ಹೊಲದಲ್ಲಿ ಹೆಚ್ಚಾದ ಪೈರನ್ನು ಕಿತ್ತು ತೆಳು ಮಾಡುತ್ತಾರಲ್ಲ, ಮಿದುಳೂ ಹಾಗೆಯೇ ಮಾಡುತ್ತದೆ. ಅಕ್ಕಪಕ್ಕದ ಕೋಶಗಳಿಂದ ಸಂದೇಶ ಬರುತ್ತಿರುವ ಕೋಶ ಉಳಿಯುತ್ತದೆ. ಸಂದೇಶವೇ ಬಾರದ ಕೋಶ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. ಇದು ಸಹಜ ಬೆಳವಣಿಗೆ. ಅನಸ್ತೇಶಿಯಾ ಮಾಡುವುದೇ ಸಂದೇಶಗಳನ್ನು ತಡೆಯುವ ಕೆಲಸ. ಆ ಮೌನ ತುಂಬಾ ಹೊತ್ತು ನಡೆದರೆ ಉಳಿಯಬೇಕಾಗಿದ್ದ ಕೋಶಗಳೂ ಬೇಡವಾದವು ಎಂದು ಲೆಕ್ಕವಾಗಿಬಿಡಬಹುದು. ವಿಜ್ಞಾನಿಗಳು ಕೊಡುವ ವಿವರಣೆಗಳಲ್ಲಿ ಇದೂ ಒಂದು. ಇಲಿಗಳಲ್ಲಿ ನರಗಳ ನಡುವೆ ಕೊಂಡಿಗಳು ಭರದಿಂದ ಕೂಡಿಕೊಳ್ಳುವುದು ಹುಟ್ಟಿದ ಮೊದಲ ಎರಡು ವಾರದಲ್ಲಿ. ಮನುಷ್ಯರಲ್ಲಿ ಈ ಕೆಲಸ ಗರ್ಭದ ಕೊನೆಯ ತಿಂಗಳುಗಳಿಂದ ಶುರುವಾಗಿ ಎರಡು ಮೂರು ವರ್ಷದವರೆಗೂ ಜೋರಾಗಿ ನಡೆಯುತ್ತದೆ. ಮೂರು ವರ್ಷ ಎಂಬ ಗಡಿ ಬಂದಿದ್ದು ಇಲ್ಲಿಂದ.

ಇಲಿ ಬೇರೆ, ಮನುಷ್ಯ ಬೇರೆ ಎಂದು ತಳ್ಳಿಹಾಕಬಹುದೇ? ಪೂರ್ತಿ ಆಗುವುದಿಲ್ಲ. ಕೋತಿಗಳಲ್ಲೂ ನೋಡಿದ್ದಾರೆ. ರೀಸಸ್ ಮರಿಗಳಿಗೆ 24 ಗಂಟೆ ಕೆಟಮಿನ್ ಕೊಟ್ಟಾಗ ನರಕೋಶಗಳು ಸತ್ತವು, ಮುಂದೆ ಕಲಿಕೆಯಲ್ಲೂ ಹಿಂದೆ ಬಿದ್ದವು. 3 ಗಂಟೆ ಮಾತ್ರ ಕೊಟ್ಟಾಗ ಕೋಶಗಳಿಗೆ ಅಂಥ ಹಾನಿ ಕಾಣಲಿಲ್ಲ. 5 ಗಂಟೆ ಐಸೊಫ್ಲೂರೇನ್ ಕೊಟ್ಟಾಗ ಹಾನಿ ಕಂಡಿತು. ಇನ್ನೊಂದು ಪ್ರಯೋಗದಲ್ಲಿ ಉಸಿರಿನ ಜೊತೆ ಕೊಡುವ ಸೆವೊಫ್ಲೂರೇನ್ ಎಂಬ ಔಷಧಿಯನ್ನು 4 ಗಂಟೆಯಂತೆ ಮೂರು ಸಲ ಕೊಟ್ಟರು. ಆ ಮರಿಗಳು ಆರು ತಿಂಗಳ ವಯಸ್ಸಿನಲ್ಲಿ ಅಳುಕಿನ ನಡವಳಿಕೆ ಜಾಸ್ತಿ ತೋರಿದವು.

ಈ ಪ್ರಯೋಗಗಳಲ್ಲಿ ಹಾನಿ ಕಂಡಿದ್ದೆಲ್ಲ ಹೆಚ್ಚು ಹೊತ್ತು ಕೊಟ್ಟಾಗ ಅಥವಾ ಮತ್ತೆ ಮತ್ತೆ ಕೊಟ್ಟಾಗ. ಇನ್ನೊಂದನ್ನೂ ಗಮನಿಸಬೇಕು. ಅಂಗೈಯಷ್ಟೂ ಇಲ್ಲದ ಇಲಿ ಮರಿಗೆ ಆರು ಗಂಟೆ ಅನಸ್ತೇಶಿಯಾ ಕೊಡುವಾಗ ಅದರ ಉಸಿರು, ಬಿಪಿ, ಸಕ್ಕರೆ ಎಲ್ಲವನ್ನೂ ನಾವು ಮಗುವಿಗೆ ಮಾಡುವ ಹಾಗೆ ಕ್ಷಣಕ್ಷಣ ಸರಿಮಾಡುತ್ತಾ ಕೂರುವುದು ಕಷ್ಟ. ಆದ ಹಾನಿಯಲ್ಲಿ ಔಷಧಿಯ ಪಾಲೆಷ್ಟು, ಉಸಿರು ಕಡಿಮೆಯಾದದ್ದರ ಪಾಲೆಷ್ಟು ಎಂದು ಬಿಡಿಸುವುದೂ ಕಷ್ಟ.

ಮಕ್ಕಳಲ್ಲಿ ಕಂಡಿದ್ದೇನು

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಓಮ್‌ಸ್ಟೆಡ್ ಎಂಬ ಕೌಂಟಿ ಇದೆ. ಮೇಯೊ ಕ್ಲಿನಿಕ್ ಎಂಬ ಹೆಸರಾಂತ ಆಸ್ಪತ್ರೆ ಇರುವ ಊರು ಅಲ್ಲಿದೆ. ಅಲ್ಲಿನ ಮಕ್ಕಳ ಆಸ್ಪತ್ರೆ ದಾಖಲೆ ಮತ್ತು ಶಾಲೆಯ ದಾಖಲೆ ಎರಡನ್ನೂ ಜೋಡಿಸಿ ನೋಡಬಹುದು. 1976ರಿಂದ 1982ರ ನಡುವೆ ಹುಟ್ಟಿದ 5,357 ಮಕ್ಕಳ ದಾಖಲೆ ತೆಗೆದರು. ಅವರಲ್ಲಿ 593 ಮಕ್ಕಳಿಗೆ ನಾಲ್ಕು ವರ್ಷದೊಳಗೆ ಅನಸ್ತೇಶಿಯಾ ಆಗಿತ್ತು. 2009ರಲ್ಲಿ ಬಂದ ಫಲಿತಾಂಶ ಇದು: ಒಂದೇ ಸಲ ಆಗಿದ್ದವರಲ್ಲಿ ಕಲಿಕೆಯ ತೊಂದರೆ ಉಳಿದ ಮಕ್ಕಳಿಗಿಂತ ಜಾಸ್ತಿ ಇರಲಿಲ್ಲ. ಎರಡು ಸಲ ಆಗಿದ್ದವರಲ್ಲಿ ಸುಮಾರು 1.6 ಪಟ್ಟು, ಮೂರು ಅಥವಾ ಹೆಚ್ಚು ಸಲ ಆಗಿದ್ದವರಲ್ಲಿ 2.6 ಪಟ್ಟು ಹೆಚ್ಚಿತ್ತು.

ಓದಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಸ್ವಲ್ಪ ತಡೆಯಿರಿ. ನಾಲ್ಕು ವರ್ಷದೊಳಗೆ ಮೂರು ಸಲ ಆಪರೇಷನ್ ಬೇಕಾಗುವ ಮಗು ಯಾವುದು? ಹೃದಯದಲ್ಲಿ ತೊಂದರೆ ಇರುವ ಮಗು, ಏಳನೇ ತಿಂಗಳಿಗೇ ಹುಟ್ಟಿದ ಮಗು, ಕಿವಿಯಲ್ಲಿ ಪದೇ ಪದೇ ಸೋಂಕಾಗಿ ಸರಿಯಾಗಿ ಕೇಳಿಸದ ಮಗು. ಅನಸ್ತೇಶಿಯಾ ಕೊಡದೇ ಇದ್ದರೂ ಇಂಥ ಮಕ್ಕಳಿಗೆ ಕಲಿಕೆ ಕಷ್ಟವಾಗುವ ಸಾಧ್ಯತೆ ಹೆಚ್ಚು. ಕಾಯಿಲೆಯನ್ನೂ ಔಷಧಿಯನ್ನೂ ಬೇರೆ ಮಾಡಿ ನೋಡುವುದು ಹೇಗೆ?

ನೆದರ್ಲೆಂಡ್ಸ್‌ನವರು ಒಂದು ಚಂದದ ದಾರಿ ಹುಡುಕಿದರು. ಒಂದೇ ಥರದ ಅವಳಿ ಮಕ್ಕಳನ್ನು ಹೋಲಿಸಿದರು, ಒಟ್ಟು 1,143 ಜೋಡಿ. ಅವಳಿಗಳಲ್ಲಿ ಒಬ್ಬರಿಗೆ ಮೂರು ವರ್ಷದೊಳಗೆ ಅನಸ್ತೇಶಿಯಾ ಆಗಿ, ಇನ್ನೊಬ್ಬರಿಗೆ ಆಗದೆ ಇದ್ದ ಜೋಡಿಗಳಲ್ಲಿ ಇಬ್ಬರ ಓದೂ ಒಂದೇ ಮಟ್ಟದಲ್ಲಿತ್ತು. ವಂಶವಾಹಿ ಒಂದೇ, ಮನೆ ಒಂದೇ. ವ್ಯತ್ಯಾಸವಿದ್ದದ್ದು ಅನಸ್ತೇಶಿಯಾದಲ್ಲಿ ಮಾತ್ರ. ಅದು ಓದಿನಲ್ಲಿ ಕಾಣಲಿಲ್ಲ.

ಸ್ವೀಡನ್‌ನಲ್ಲಿ ದೇಶದ ದಾಖಲೆಗಳನ್ನೇ ಜಾಲಾಡಿದರು. ನಾಲ್ಕು ವರ್ಷದೊಳಗೆ ಒಮ್ಮೆ ಅನಸ್ತೇಶಿಯಾ ಆಗಿದ್ದ 33,514 ಮಕ್ಕಳು. ಹದಿನಾರನೇ ವಯಸ್ಸಿನ ಶಾಲಾ ಅಂಕದಲ್ಲಿ ಸರಾಸರಿ ಶೇ. 0.41ರಷ್ಟು ಕಡಿಮೆ ಕಂಡಿತು. ಅರ್ಧ ಪರ್ಸೆಂಟ್ ಕೂಡ ಅಲ್ಲ. ತಾಯಿ ಎಷ್ಟು ಓದಿದ್ದಾಳೆ, ಮಗು ವರ್ಷದ ಯಾವ ತಿಂಗಳಲ್ಲಿ ಹುಟ್ಟಿದೆ ಎನ್ನುವುದರಿಂದ ಅಂಕದಲ್ಲಾಗುವ ವ್ಯತ್ಯಾಸ ಇದಕ್ಕಿಂತ ದೊಡ್ಡದು.

ಇವೆಲ್ಲ ಹಳೆಯ ದಾಖಲೆ ನೋಡಿ ಮಾಡಿದ ಅಧ್ಯಯನಗಳು. ನಿಜವಾದ ಪರೀಕ್ಷೆ ಆಗಬೇಕಾದರೆ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಅನಸ್ತೇಶಿಯಾ ಕೊಟ್ಟು ನೋಡಬೇಕು. ಇನ್ನೊಂದು ಗುಂಪಿಗೆ ಏನೂ ಕೊಡದೆ ಕೊಯ್ಯುವುದಕ್ಕಾಗುತ್ತದಾ? ಇದಕ್ಕೊಂದು ಉಪಾಯ ಸಿಕ್ಕಿತು. ತೊಡೆಸಂದಿಯ ಹರ್ನಿಯಾ ಆಪರೇಷನ್ನನ್ನು ಪುಟ್ಟ ಶಿಶುಗಳಲ್ಲಿ ಎಚ್ಚರವಿದ್ದಾಗಲೇ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಬಹುದು.

ಇದನ್ನು ನೀವು ನೋಡಿರಲಿಕ್ಕಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಗುವನ್ನು ಮೇಜಿನ ಮೇಲೆ ಕೂರಿಸುತ್ತೇವೆ. ನರ್ಸ್ ಒಂದು ಕೈಯಲ್ಲಿ ಭುಜ, ಇನ್ನೊಂದು ಕೈಯಲ್ಲಿ ಗದ್ದ ಹಿಡಿದಿರುತ್ತಾರೆ. ಕತ್ತು ಮುಂದಕ್ಕೆ ಬಾಗಿದರೆ ಎಳೆ ಮಗುವಿನ ಉಸಿರು ಕಟ್ಟುತ್ತದೆ, ಅದಕ್ಕೆ. ಸೊಂಟದ ಹತ್ತಿರ ಬೆನ್ನುಮೂಳೆಯ ಸಂದಿಯಲ್ಲಿ ಪುಟ್ಟ ಸೂಜಿ. ಸೂಜಿಯ ತುದಿಯಲ್ಲಿ ತಿಳಿನೀರಿನಂಥ ಹನಿ ಕಂಡರೆ ಜಾಗ ಸರಿಯಾಗಿದೆ ಎಂದರ್ಥ. ಔಷಧಿ ಹೋದ ಒಂದೆರಡು ನಿಮಿಷಕ್ಕೆ ಒದೆಯುತ್ತಿದ್ದ ಕಾಲುಗಳು ಸುಮ್ಮನಾಗುತ್ತವೆ. ಕೈ ಮಾತ್ರ ಆಡುತ್ತಿರುತ್ತದೆ. ಸಕ್ಕರೆ ನೀರಿನಲ್ಲಿ ಅದ್ದಿದ ನಿಪ್ಪಲ್ ಬಾಯಿಗಿಟ್ಟರೆ ಚೀಪುತ್ತಾ ಚೀಪುತ್ತಾ ಎಷ್ಟೋ ಮಕ್ಕಳು ತಾವಾಗಿಯೇ ನಿದ್ದೆ ಹೋಗುತ್ತವೆ. ಶಿಶುಗಳಲ್ಲಿ ಇದರ ಪ್ರಭಾವ ಹೆಚ್ಚು ಹೊತ್ತು ಇರುವುದಿಲ್ಲ. ಸರ್ಜನ್ ಸುಮಾರು ಒಂದು ಗಂಟೆಯೊಳಗೆ ಕೆಲಸ ಮುಗಿಸಬೇಕು.

ಈ ಎರಡು ಪದ್ಧತಿಗಳನ್ನು ಹೋಲಿಸಿದ್ದೇ ಗ್ಯಾಸ್ ಎಂಬ ಹೆಸರಿನ ಪರೀಕ್ಷೆ. ಮೆಲ್ಬರ್ನ್‌ನ ಆಂಡ್ರೂ ಡೇವಿಡ್‌ಸನ್ ಮತ್ತು ಬಾಸ್ಟನ್‌ನ ಮೇರಿ ಎಲೆನ್ ಮೆಕ್ಯಾನ್ ಇದರ ಮುಂದಾಳುಗಳು. 7 ದೇಶಗಳ 28 ಆಸ್ಪತ್ರೆಗಳು, 722 ಶಿಶುಗಳು. ಅರ್ಧದಷ್ಟು ಮಕ್ಕಳಿಗೆ ಎಚ್ಚರವಿದ್ದಾಗಲೇ ಮರಗಟ್ಟಿಸುವುದು, ಉಳಿದವಕ್ಕೆ ಸೆವೊಫ್ಲೂರೇನ್. ಸೆವೊಫ್ಲೂರೇನ್ ಪಡೆದವರಲ್ಲಿ ಅರ್ಧದಷ್ಟು ಮಂದಿಗೆ ಅನಸ್ತೇಶಿಯಾ 54 ನಿಮಿಷದೊಳಗೆ, ಉಳಿದವರಿಗೆ ಅದಕ್ಕಿಂತ ಹೆಚ್ಚು ಹೊತ್ತು. ಈ ಮಕ್ಕಳು ಐದು ವರ್ಷದವರಾಗುವವರೆಗೂ ಕಾದು ಬುದ್ಧಿಮಟ್ಟದ ಪರೀಕ್ಷೆ ಮಾಡಿದರು. 2019ರಲ್ಲಿ ಫಲಿತಾಂಶ ಬಂತು. ಎಚ್ಚರವಿದ್ದವರ ಸರಾಸರಿ ಐಕ್ಯೂ 99.08. ಅನಸ್ತೇಶಿಯಾ ಪಡೆದವರದು 98.97. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಈ ವಿಷಯದಲ್ಲಿ ನಮಗಿರುವ ಅತ್ಯಂತ ಗಟ್ಟಿ ಪುರಾವೆ ಇದು. ಮೊದಲ ಉತ್ತರವನ್ನು ಅಷ್ಟು ಧೈರ್ಯವಾಗಿ ಹೇಳಿದ್ದು ಇದರ ಬಲದ ಮೇಲೆ.

ಅಮೆರಿಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಲೀನಾ ಸನ್ ಮತ್ತು ತಂಡ ಒಡಹುಟ್ಟಿದವರನ್ನು ಹೋಲಿಸಿತು. 105 ಜೋಡಿ. ಒಬ್ಬರಿಗೆ ಮೂರು ವರ್ಷದೊಳಗೆ ಹರ್ನಿಯಾ ಆಪರೇಷನ್ ಆಗಿದೆ, ಇನ್ನೊಬ್ಬರಿಗೆ ಅನಸ್ತೇಶಿಯಾ ಆಗಿಲ್ಲ. 2016ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಕಡೆ ಸರಾಸರಿ ಐಕ್ಯೂ 111.

ಹಾಗಾದರೆ ಹಲವು ಸಲ ಆದವರ ಕಥೆ? ಮೇಯೊ ಕ್ಲಿನಿಕ್‌ನವರು 2018ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಈ ಸಲ ದಾಖಲೆ ಮಾತ್ರ ನೋಡಲಿಲ್ಲ, 997 ಮಕ್ಕಳನ್ನು ಕರೆಸಿ ಕೂರಿಸಿ ಪರೀಕ್ಷೆ ಮಾಡಿದರು. ಅವರಲ್ಲಿ 206 ಮಕ್ಕಳಿಗೆ ಮೂರು ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಸಲ ಅನಸ್ತೇಶಿಯಾ ಆಗಿತ್ತು. ಐಕ್ಯೂ ಕಡಿಮೆ ಇರಲಿಲ್ಲ. ಆದರೆ ಕೈಬೆರಳಿನ ಸೂಕ್ಷ್ಮ ಕೆಲಸ, ಮಾಹಿತಿಯನ್ನು ಬೇಗ ಗ್ರಹಿಸಿ ಉತ್ತರಿಸುವ ವೇಗ, ಇವೆರಡರಲ್ಲಿ ಸ್ವಲ್ಪ ಹಿಂದೆ ಇದ್ದರು. ಓದಿನಲ್ಲಿ, ನಡವಳಿಕೆಯಲ್ಲಿ ತೊಂದರೆ ಇದೆ ಎಂದು ಅವರ ತಂದೆತಾಯಿಗಳು ಜಾಸ್ತಿ ಹೇಳಿದರು. ಇದು ಔಷಧಿಯಿಂದಲೋ, ಮೂಲ ಕಾಯಿಲೆಯಿಂದಲೋ, ಪದೇ ಪದೇ ಆಸ್ಪತ್ರೆ ಸೇರಿದ್ದರಿಂದಲೋ ಎಂದು ಆ ಅಧ್ಯಯನದಿಂದ ಬಿಡಿಸಿ ಹೇಳಲು ಬರುವುದಿಲ್ಲ. ಹಾಗೆಂದು ಇದನ್ನು ನಿಮ್ಮಿಂದ ಮುಚ್ಚಿಡುವುದೂ ನನಗೆ ಸರಿಕಾಣುವುದಿಲ್ಲ.

ಎಚ್ಚರಿಕೆ ಮತ್ತು ಮುಂದೂಡಿಕೆ

2016ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಮೂರು ವರ್ಷದೊಳಗಿನ ಮಕ್ಕಳಿಗೆ, ಹಾಗೂ ಕೊನೆಯ ಮೂರು ತಿಂಗಳಲ್ಲಿರುವ ಗರ್ಭಿಣಿಯರಿಗೆ, ಅನಸ್ತೇಶಿಯಾವನ್ನು ಪದೇ ಪದೇ ಅಥವಾ 3 ಗಂಟೆಗಿಂತ ಹೆಚ್ಚು ಹೊತ್ತು ಕೊಟ್ಟರೆ ಮಗುವಿನ ಮಿದುಳಿನ ಬೆಳವಣಿಗೆಗೆ ತೊಂದರೆ ಆಗಬಹುದು ಎಂದಿತು. ಮರುವರ್ಷ ಔಷಧಿಗಳ ಲೇಬಲ್ ಮೇಲೂ ಅದು ಬಂತು. ಅದೇ ಪ್ರಕಟಣೆಯಲ್ಲಿ ಇನ್ನೂ ಎರಡು ಮಾತಿದ್ದವು. ಒಂದೇ ಸಲದ, ಕಡಿಮೆ ಹೊತ್ತಿನ ಅನಸ್ತೇಶಿಯಾದಿಂದ ತೊಂದರೆಯಾಗುವ ಸಂಭವ ಕಡಿಮೆ ಎನ್ನುವುದು ಒಂದು. ಅಗತ್ಯವಿರುವ ಆಪರೇಷನ್ನನ್ನು ಇದಕ್ಕಾಗಿ ತಡಮಾಡಬೇಡಿ ಎನ್ನುವುದು ಇನ್ನೊಂದು. ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳಲ್ಲಿ ಮೊದಲ ಭಾಗ ಇರುತ್ತದೆ. ಈ ಎರಡು ಮಾತುಗಳು ಇರುವುದಿಲ್ಲ.

ಇದರಿಂದಾಗುವ ಕೆಡುಕು ಏನೆಂದರೆ, "ಮಗು ಸ್ವಲ್ಪ ದೊಡ್ಡದಾಗಲಿ" ಎಂದು ಮನೆಯವರು ಮುಂದೂಡುತ್ತಾರೆ. ಆದರೆ ದೇಹದಲ್ಲಿ ಕೆಲವು ಕೆಲಸಗಳಿಗೆ ಕಾಲ ಗೊತ್ತಾಗಿದೆ. ಹುಟ್ಟಿನಿಂದ ಕಣ್ಣಿನ ಪೊರೆ ಇರುವ ಮಗುವಿಗೆ ಮೊದಲ ಕೆಲವು ವಾರಗಳಲ್ಲಿ ಅದನ್ನು ತೆಗೆಯದಿದ್ದರೆ, ಆಮೇಲೆ ತೆಗೆದರೂ ಮಿದುಳು ನೋಡುವುದನ್ನು ಸರಿಯಾಗಿ ಕಲಿಯುವುದಿಲ್ಲ. ಕಿವಿ ಪೂರ್ತಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಯಲ್ಲಿ ಕೂರಿಸುವ ಶ್ರವಣ ಸಾಧನ) ಬೇಗ ಆದಷ್ಟೂ ಮಾತು ಚೆನ್ನಾಗಿ ಬರುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕೇಳಿ ನೋಡಿ, ಇದೇ ಮಾತು ಹೇಳುತ್ತಾರೆ. ಶಿಶುವಿನ ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡರೆ ಕರುಳಿಗೂ ವೃಷಣಕ್ಕೂ ಅಪಾಯ. ಆಗ ಮಾಡುವ ತುರ್ತು ಆಪರೇಷನ್, ಮುಂಚೆಯೇ ಗೊತ್ತುಮಾಡಿಕೊಂಡು ಮಾಡುವುದಕ್ಕಿಂತ ಜಾಸ್ತಿ ಅಪಾಯದ್ದು.

ಸೀಳು ಅಂಗುಳದ ಬಗ್ಗೆ 2023ರಲ್ಲಿ ಒಂದು ಮುಖ್ಯವಾದ ಪರೀಕ್ಷೆ ಬಂತು. ಯುರೋಪ್ ಮತ್ತು ಬ್ರೆಜಿಲ್‌ನ 558 ಶಿಶುಗಳು. ಕೆಲವರಿಗೆ 6 ತಿಂಗಳಿಗೆ, ಕೆಲವರಿಗೆ 12 ತಿಂಗಳಿಗೆ ಅಂಗುಳ ಹೊಲಿದರು. ಐದನೇ ವರ್ಷದಲ್ಲಿ ಮಾತನಾಡುವಾಗ ಅಂಗುಳ ಸರಿಯಾಗಿ ಮುಚ್ಚಿಕೊಳ್ಳದೆ ಮೂಗಿನಿಂದ ಗಾಳಿ ಸೋರುವ ತೊಂದರೆ ಬೇಗ ಮಾಡಿದವರಲ್ಲಿ ಶೇ. 8.9, ತಡವಾಗಿ ಮಾಡಿದವರಲ್ಲಿ ಶೇ. 15. ಆರು ತಿಂಗಳ ತಡಕ್ಕೆ ಮಗುವಿನ ಮಾತು ಕೊಟ್ಟ ಬೆಲೆ ಅದು.

ತಡಮಾಡಬಹುದಾದ ಆಪರೇಷನ್‌ಗಳೂ ಇವೆ. ಹೊಕ್ಕುಳ ಹರ್ನಿಯಾ ಎಷ್ಟೋ ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಕಾಯಬಹುದು. ಹಾಗಾಗಿ ಸರ್ಜನ್ ಹತ್ತಿರ ನೇರವಾಗಿ ಕೇಳಿ: "ಇದನ್ನು ಮೂರು ವರ್ಷ ಆದ ಮೇಲೆ ಮಾಡಿದರೆ ಮಗುವಿಗೆ ಏನು ನಷ್ಟ?" ಇದಕ್ಕೆ ಅವರು ಸ್ಪಷ್ಟವಾದ ಉತ್ತರ ಕೊಡಬೇಕು.

ಆ ಒಂದು ಗಂಟೆ

ಗ್ಯಾಸ್ ಪರೀಕ್ಷೆಯ ಮೆಕ್ಯಾನ್ ಅವರ ಹೆಸರು ಆಗಲೇ ಹೇಳಿದೆ. ಅವರು ಮತ್ತು ಸಹೋದ್ಯೋಗಿಗಳು 2014ರಲ್ಲಿ ಆರು ಶಿಶುಗಳ ವಿವರ ಪ್ರಕಟಿಸಿದರು. ತೀರಾ ಎಳೆಯ ಮಕ್ಕಳು. ಆಪರೇಷನ್ ಆಗಿ ಸುಮಾರು ಒಂದು ದಿನದೊಳಗೆ ಫಿಟ್ಸ್ ಬಂದು ಮಿದುಳಿಗೆ ಹಾನಿಯಾಯಿತು. ದಾಖಲೆ ತಿರುವಿದಾಗ ಹೆಚ್ಚಿನವರಲ್ಲಿ ಕಂಡಿದ್ದು ಆಪರೇಷನ್ ನಡೆಯುವಾಗ ಇಳಿದಿದ್ದ ಬಿಪಿ. ಮಿದುಳಿಗೆ ರಕ್ತ ಸಾಲದೆ ಹೋಗಿರಬಹುದು ಎಂಬ ಅನುಮಾನ ಅಲ್ಲಿಂದ ಬಂತು.

ನನ್ನ ಕೆಲಸದಲ್ಲಿ ನಾನು ಅತಿ ಹೆಚ್ಚು ಹೆದರುವುದು ಇಂಥದ್ದಕ್ಕೆ. ಎಳೆ ಮಗುವಿನ ಬಿಪಿ ಇಳಿದರೆ ಮಿದುಳಿಗೆ ರಕ್ತ ಕಡಿಮೆಯಾಗಬಹುದು. ಅವಸರದಲ್ಲಿ ಜಾಸ್ತಿ ಉಸಿರು ಕೊಟ್ಟರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ. ತುಂಬಾ ಹೊತ್ತು ಹಸಿದಿದ್ದರೆ ಸಕ್ಕರೆ ಇಳಿಯುತ್ತದೆ. ಥಿಯೇಟರಿನ ಎಸಿಗೆ ಮೈ ತಣ್ಣಗಾಗುತ್ತದೆ. ಇವೆಲ್ಲ ನಮ್ಮ ಕೈಯಲ್ಲಿರುವ ವಿಷಯಗಳು, ಮತ್ತು ಇವು ಮಿತಿ ಮೀರಿದರೆ ಮಿದುಳಿಗೆ ಹಾನಿ ಆಗಬಹುದು ಎಂಬುದರಲ್ಲಿ ಅನುಮಾನವಿಲ್ಲ.

ಯುರೋಪಿನ 33 ದೇಶಗಳ 261 ಆಸ್ಪತ್ರೆಗಳಲ್ಲಿ ಮಕ್ಕಳ 31,127 ಅನಸ್ತೇಶಿಯಾಗಳನ್ನು ಗಮನಿಸಿದ ಒಂದು ಅಧ್ಯಯನ 2017ರಲ್ಲಿ ಬಂತು. ಗಂಟಲು ಬಿಗಿದು ಉಸಿರು ಕಟ್ಟುವುದು, ಬಿಪಿ ಕುಸಿಯುವುದು ಮುಂತಾದ ತೀವ್ರ ಘಟನೆಗಳು ಶೇ. 5.2ರಷ್ಟು ಆದವು. ಚಿಕ್ಕ ಮಕ್ಕಳಲ್ಲಿ ಇವು ಜಾಸ್ತಿ. ಮಕ್ಕಳಿಗೆ ಅನಸ್ತೇಶಿಯಾ ಕೊಟ್ಟು ಹೆಚ್ಚು ಅನುಭವ ಇರುವವರ ಕೈಯಲ್ಲಿ ಕಡಿಮೆ.

ಅದಕ್ಕೇ ನಾನು ಹೇಳುವುದು, ಪ್ರಶ್ನೆ ಬದಲಿಸಿ ಕೇಳಿ. ಅನಸ್ತೇಶಿಯಾ ಕೊಡುವವರು ಯಾರು? ಇಷ್ಟು ಚಿಕ್ಕ ಮಕ್ಕಳಿಗೆ ಅವರು ವಾಡಿಕೆಯಾಗಿ ಕೊಡುತ್ತಾರಾ? ಆಪರೇಷನ್ ಮುಗಿಯುವವರೆಗೂ ಮಗುವಿನ ಪಕ್ಕದಲ್ಲೇ ಇರುತ್ತಾರಾ? ಮಗುವಿಗೆ ತೊಂದರೆಯಾದರೆ ಮಕ್ಕಳ ಐಸಿಯು ಇದೆಯಾ? ಹೀಗೆ ಕೇಳಿದರೆ ವೈದ್ಯರಿಗೆ ಬೇಜಾರಾಗುತ್ತದೆ ಎಂದು ಹಿಂಜರಿಯಬೇಡಿ. ನನ್ನನ್ನು ಯಾರಾದರೂ ಹೀಗೆ ಕೇಳಿದರೆ ನನಗೆ ಸಂತೋಷವೇ ಆಗುತ್ತದೆ.

ನಿಮ್ಮ ಕಡೆಯಿಂದ ಮಾಡಬಹುದಾದದ್ದೂ ಇದೆ. ಕಳೆದ ಎರಡು ವಾರದಲ್ಲಿ ಮಗುವಿಗೆ ನೆಗಡಿ ಕೆಮ್ಮು ಬಂದಿದ್ದರೆ ಮರೆಮಾಚಬೇಡಿ. "ಡೇಟ್ ಸಿಕ್ಕಿದೆ, ಹೇಳಿದ್ರೆ ಕ್ಯಾನ್ಸಲ್ ಮಾಡ್ತಾರೆ" ಎಂದು ಸುಮ್ಮನಿರುವವರನ್ನು ನೋಡಿದ್ದೇನೆ. ಕೆರಳಿದ ಶ್ವಾಸನಾಳ ಅನಸ್ತೇಶಿಯಾದಲ್ಲಿ ಬಿಗಿದುಕೊಳ್ಳುವ ಸಾಧ್ಯತೆ ಜಾಸ್ತಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೂ ಹಾಗೇ.

ಸಭೆಯ ಪ್ರಶ್ನೆಗಳು

ಒಬ್ಬ ತಾಯಿ ಕೇಳಿದರು: "ನನ್ನ ಮಗಳಿಗೆ ಎರಡು ವರ್ಷದೊಳಗೆ ಮೂರು ಆಪರೇಷನ್ ಆಗಿದೆ ಮೇಡಂ. ನೀವು ಹೇಳಿದ್ದು ಕೇಳಿ ಭಯ ಆಗ್ತಿದೆ. ಈಗ ಏನು ಮಾಡ್ಲಿ?"

ಅಮ್ಮಾ, ಆ ಆಪರೇಷನ್‌ಗಳು ಬೇಕಾಗಿದ್ದವು. ನೀವು ಸರಿಯಾದದ್ದನ್ನೇ ಮಾಡಿದ್ದೀರಿ. ಹಲವು ಸಲ ಆದ ಮಕ್ಕಳಲ್ಲೂ ಐಕ್ಯೂ ಕಡಿಮೆ ಇರಲಿಲ್ಲ ಎಂದು ಆಗಲೇ ಹೇಳಿದೆ. ನಾನು ಹೇಳಿದ ಅಂಕಿಗಳೆಲ್ಲ ಗುಂಪಿನ ಸರಾಸರಿ, ನಿಮ್ಮ ಮಗಳು ಹೀಗೇ ಆಗುತ್ತಾಳೆ ಎಂದು ಅವು ಹೇಳುವುದಿಲ್ಲ. ಈಗ ಮಾಡಬೇಕಾದದ್ದು ಇಷ್ಟು. ಕಿವಿ, ಕಣ್ಣು ಒಮ್ಮೆ ಪರೀಕ್ಷೆ ಮಾಡಿಸಿ. ಮಾತು ವಯಸ್ಸಿಗೆ ತಕ್ಕಂತೆ ಬರುತ್ತಿದೆಯಾ, ಗುಂಡಿ ಹಾಕುವುದು, ಮಣಿ ಪೋಣಿಸುವುದು, ಪೆನ್ಸಿಲ್ ಹಿಡಿಯುವುದು ಬರುತ್ತಿದೆಯಾ ಗಮನಿಸಿ. ಹಿಂದೆ ಇದ್ದಾಳೆ ಅನ್ನಿಸಿದರೆ ಶಾಲೆಯವರು ಹೇಳಲಿ ಎಂದು ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ದಿನಾ ಅವಳ ಜೊತೆ ಜಾಸ್ತಿ ಮಾತಾಡಿ, ಕಥೆ ಹೇಳಿ, ಆಡಿಸಿ. ಎಳೆಯ ಮಿದುಳು ಕಲಿಯುವುದೇ ಇದರಿಂದ.

ಎಂಆರ್‌ಐಗೆ ಮತ್ತು ಬರಿಸುವುದು ಬೇಕೇ ಎಂದು ಒಬ್ಬರು ಕೇಳಿದರು. ಕೆಲವು ತಿಂಗಳ ಶಿಶುವಾದರೆ ಹೊಟ್ಟೆ ತುಂಬಾ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಿದ್ದೆ ಹೋದ ಮೇಲೆ ಸ್ಕ್ಯಾನ್ ಮಾಡುವುದು ಎಷ್ಟೋ ಸಲ ಸಾಧ್ಯ. ಹಾಗೆ ಮಾಡಬಹುದಾ ಎಂದು ಮುಂಚೆಯೇ ಕೇಳಿ. ಸ್ಕ್ಯಾನ್, ಕಿವಿ ಪರೀಕ್ಷೆ, ಸಣ್ಣ ಆಪರೇಷನ್ ಎಲ್ಲವೂ ಇದ್ದರೆ ಒಂದೇ ಅನಸ್ತೇಶಿಯಾದಲ್ಲಿ ಮುಗಿಸಲು ಆಗುತ್ತದಾ ಎಂದೂ ಕೇಳಿ. ಹಲವು ಆಸ್ಪತ್ರೆಗಳಲ್ಲಿ ಇದನ್ನು ಹೊಂದಿಸುತ್ತಾರೆ, ಆದರೆ ಯಾರಾದರೂ ಕೇಳಬೇಕು.

ಸಿಸೇರಿಯನ್ ಬಗ್ಗೆ ಒಬ್ಬ ಗರ್ಭಿಣಿಗೆ ಆತಂಕವಿತ್ತು. ಅದನ್ನು ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಮಾಡುತ್ತಾರೆ. ತುರ್ತಿನಲ್ಲಿ ಪೂರ್ತಿ ಅನಸ್ತೇಶಿಯಾ ಕೊಟ್ಟರೂ ಮಗು ಹೊರಗೆ ಬರುವವರೆಗೆ ಕೆಲವೇ ನಿಮಿಷ. ಎಫ್‌ಡಿಎ ಹೇಳಿದ ಮೂರು ಗಂಟೆಗೂ ಇದಕ್ಕೂ ಸಂಬಂಧವಿಲ್ಲ.

ಕೊನೆಗೆ ಒಬ್ಬ ಅಜ್ಜಿ ಕೇಳಿದರು: "ರಾತ್ರಿ ಹತ್ತು ಗಂಟೆಯಿಂದ ಮಗೀಗೆ ಏನೂ ಕೊಡಬೇಡಿ ಅಂತಾರಲ್ಲ ತಾಯಿ, ಅಷ್ಟೊತ್ತು ಉಪವಾಸ ಇಡ್ಬೇಕಾ?"

ಬೇಡ ಅಜ್ಜಿ. ಊಟ, ಹಸುವಿನ ಹಾಲು, ಡಬ್ಬಿ ಹಾಲು ಆದರೆ 6 ಗಂಟೆ ಮುಂಚೆ ನಿಲ್ಲಿಸಿದರೆ ಸಾಕು. ಎದೆಹಾಲನ್ನು 4 ಗಂಟೆ ಮುಂಚೆವರೆಗೂ ಕುಡಿಸಬಹುದು. ಬರೀ ನೀರು, ಸಕ್ಕರೆ ನೀರು, ತಿಳಿಯಾದ ಸೇಬಿನ ಜ್ಯೂಸ್ 2 ಗಂಟೆ ಮುಂಚೆವರೆಗೆ. ಹಲವು ದೇಶಗಳಲ್ಲಿ ಈಗ 1 ಗಂಟೆ ಮುಂಚೆವರೆಗೂ ಬಿಡುತ್ತಾರೆ. ಹೆಚ್ಚು ಹೊತ್ತು ಹಸಿದ ಮಗುವಿಗೆ ಅನಸ್ತೇಶಿಯಾ ಶುರು ಮಾಡಿದಾಗ ಬಿಪಿ ಇಳಿಯುವುದು ಜಾಸ್ತಿ. ಆದರೆ ಮನೆಯಲ್ಲಿ ನೀವೇ ಲೆಕ್ಕ ಹಾಕಿ ಕುಡಿಸಲು ಹೋಗಬೇಡಿ. "ಮಗುವಿನ ಆಪರೇಷನ್ ಎಷ್ಟು ಗಂಟೆಗೆ, ಕೊನೆಯ ಹಾಲು ಎಷ್ಟು ಗಂಟೆಗೆ, ಕೊನೆಯ ನೀರು ಎಷ್ಟು ಗಂಟೆಗೆ" ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹಿಂದಿನ ಕೇಸು ತಡವಾಗಿ ನಿಮ್ಮ ಸರದಿ ಮುಂದಕ್ಕೆ ಹೋದರೆ ನರ್ಸ್ ಹತ್ತಿರ ಹೋಗಿ, ಮಗುವಿಗೆ ಇನ್ನೊಂದು ಸಲ ನೀರು ಕೊಡಬಹುದಾ ಎಂದು ಮತ್ತೆ ಕೇಳಿ.